ನಿದಾನವನ್ನು ಬರೆದಿಡುವ ಬಗೆ

ರೋಗದ ಹೆಸರನ್ನು ಹೇಳಿದ ಮಾತ್ರಕ್ಕೆ ಅದರ ವಿಚಾರವು ಮುಗಿಯಲಿಲ್ಲ, ಕಾರಣವನ್ನೂ ಹೇಳಬೇಕು. ನಮ್ಮ ಪ್ರಾಚೀನ ವೈದ್ಯರು ಈ ಕಾರಣವಿಚಾರವನ್ನು ನಿದಾನವೆಂದು ಕರೆದರು. ಮಾಧವಕರನು ಅದಕ್ಕಾಗಿಯೇ ಒಂದು ಗ್ರಂಥವನ್ನು ರಚಿಸಿದನು. ಪಾಶ್ಚಾತ್ಯರಲ್ಲಿ ಬೆರ್ಟಿಲ್ಲೋನನು 1893ರಲ್ಲಿ ಮರಣಕಾರಣಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದನು. ಅದೇ ಬೆಳೆದು ಇಂದು ಆಸ್ಪತ್ರೆಗಳು ಅನುಸರಿಸುವ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣವಾಗಿದೆ. ಅದರಲ್ಲಿ ಒಂದೊಂದು ರೋಗಕ್ಕೂ ಒಂದೊಂದು ಸಂಕೇತವುಂಟು.

ಔಷಧವೇ ರೋಗಕ್ಕೆ ಕಾರಣವಾದಲ್ಲಿ ಈ ಬರವಣಿಗೆಯ ಮಹತ್ತ್ವವು ಇಮ್ಮಡಿಯಾಗುವುದು. ಅರಸೀಕೆರೆಯ ಸೀಮೆಯ ಕಣಕಟ್ಟೆಯಂತಹ ಊರಿನಲ್ಲಿ, ತೆಂಗಿನ ತೋಟದಲ್ಲಿ ದುಡಿದು ಮೊಣಕಾಲು ಹಿಡಿದುಹೋದ ಯಜಮಾನರೊಬ್ಬರನ್ನು ಊಹಿಸಿಕೊಳ್ಳೋಣ. ಯಾರೋ ಕೊಟ್ಟ ಹೆಸರಿಲ್ಲದ ಪುಡಿಯಿಂದ ನೋವು ಬೇಗನೆ ಅಡಗುವುದು. ತಿಂಗಳುಗಳು ಕಳೆಯಲು ಮುಖವು ದುಂಡಗಾಗುವುದು. ನೆರೆಯವರು ‘ಮೈ ತುಂಬಿಕೊಂಡಿತು’ ಎಂದು ಸಂತೋಷಪಡುವರು. ಆದರೆ ಕೈಕಾಲುಗಳು ಸಣ್ಣಗಾಗಿ, ಚರ್ಮವು ತೆಳುವಾಗಿ, ಸಕ್ಕರೆಯ ಕಾಯಿಲೆಯೂ ತಲೆದೋರುವುದು. ಪುಡಿಯಲ್ಲಿ ಬೆರಸಿದ ಸ್ಟೀರಾಯ್ಡೇ ಇದಕ್ಕೆ ಮೂಲ.

ಹಾರ್ವೆ ಕುಶಿಂಗನು 1932ರಲ್ಲಿ ವಿವರಿಸಿದ ಲಕ್ಷಣಗಳೇ ಇವು. ಔಷಧದಿಂದುಂಟಾದ ಕುಶಿಂಗ್ ರೋಗಕ್ಕೆ ವರ್ಗೀಕರಣದ ಹತ್ತನೆಯ ಆವೃತ್ತಿಯಲ್ಲಿ ಇ 24.2 ಎಂಬ ಸಂಕೇತವಿದೆ. ಕಾರಣವಾದ ಸ್ಟೀರಾಯ್ಡನ್ನು ಸೂಚಿಸಲು ವೈ 42.0 ಎಂಬ ಇನ್ನೊಂದನ್ನು ಜೊತೆಗೆ ಬರೆಯಬಹುದು. ಮೊದಲನೆಯದು ಹೆಸರು, ಎರಡನೆಯದು ನಿದಾನ.

ಇದು ಬರಿಯ ಲೆಕ್ಕದ ಮಾತಲ್ಲ. ಸ್ಟೀರಾಯ್ಡನ್ನು ಬಹುಕಾಲ ಸೇವಿಸಿದವರಲ್ಲಿ ಮೂತ್ರಪಿಂಡಗಳ ಮೇಲಣ ಅಡ್ರಿನಲ್ ಗ್ರಂಥಿಗಳು ತಮ್ಮ ಕೆಲಸವನ್ನು ಮರೆತಿರುವುವು. ಪುಡಿಯನ್ನು ಒಮ್ಮೆಗೇ ನಿಲ್ಲಿಸಿದರೆ ರಕ್ತದ ಒತ್ತಡವು ಕುಸಿದು ಪ್ರಾಣಕ್ಕೇ ಅಪಾಯ ಬರಬಹುದು. ಆ ಸ್ಥಿತಿಯ ಸಂಕೇತ ಇ 27.3. ಕಾಗದದಲ್ಲಿ ಸಕ್ಕರೆಯ ಕಾಯಿಲೆಯೊಂದೇ ಬರೆದಿದ್ದರೆ, ಹಾಸನದಲ್ಲಿ ನೋಡುವ ಹೊಸ ವೈದ್ಯರಿಗೆ ಈ ಅಪಾಯವು ತಿಳಿಯುವುದೆಂತು?

ಸಂಕೇತ ಹಾಕುವವನು ವೈದ್ಯರು ಬರೆದುದನ್ನೇ ಹಾಕಬಲ್ಲನು. ವೈದ್ಯರು ರೋಗಿಯು ಹೇಳಿದುದನ್ನೇ ಬರೆಯಬಲ್ಲರು. ರೋಗಿಯಾದರೋ ಬೈಗುಳಕ್ಕೆ ಅಂಜಿ ಪುಡಿಯ ಮಾತನ್ನು ನುಂಗಿಕೊಳ್ಳುವನು. ಆದುದರಿಂದ ಅಕ್ಷರ ಬಲ್ಲ ಮನೆಯವರು ಹಿರಿಯರನ್ನು ಗದರಿಸದೆ ಕೇಳಿ, ಏನನ್ನು, ಎಂದಿನಿಂದ, ದಿನಕ್ಕೆ ಎಷ್ಟು ಸಾರಿ ಸೇವಿಸಿದರೆಂಬುದನ್ನು ಒಂದು ಚೀಟಿಯಲ್ಲಿ ಬರೆದು, ಪುಡಿಯ ಪೊಟ್ಟಣದೊಡನೆ ವೈದ್ಯರ ಕೈಗೆ ಕೊಡತಕ್ಕದ್ದು. ವೈದ್ಯರು ಹೇಳುವವರೆಗೆ ಅದನ್ನು ತಾವಾಗಿ ನಿಲ್ಲಿಸಲೂ ಬಾರದು.