ಶಲ್ಯ

ನಮ್ಮ ಅಂಗಡಿಯ ರಾತ್ರಿ ಕಾವಲಿಗೆ ನಿವೃತ್ತ ಯೋಧರೊಬ್ಬರಿದ್ದರು. 1999ರಲ್ಲಿ ಕಾರ್ಗಿಲ್‌ನಲ್ಲಿ ಹೋರಾಡಿದವರು. ಒಂದು ವರ್ಷ ಮಹಾವೀರ ನಿರ್ವಾಣದ ದಿನ ಬೀದಿಯಲ್ಲಿ ಪಟಾಕಿ ಸಿಡಿದಾಗ ಅವರು ಮೂಟೆಗಳ ಹಿಂದೆ ಅವಿತು ನಡುಗುತ್ತಿದ್ದುದನ್ನು ಕಂಡೆ. “ಅಸಾತಾವೇದನೀಯ ಕರ್ಮದ ಉದಯ, ಸಹಿಸಿಕೊಳ್ಳಿ” ಎಂದು ಉಪದೇಶಿಸಿದೆ. ಮರುದಿನ ಅವರು ಬರಲಿಲ್ಲ. ಬಾಕಿ ಸಂಬಳ ಕಳುಹಿಸಿ, ಲೆಕ್ಕ ಚುಕ್ತಾ ಆಯಿತೆಂದು ತಿಳಿದೆ. ವರ್ತಕನ ಬುದ್ಧಿ ಅಷ್ಟೇ.

ಅನಂತರ ಓದಿ ತಿಳಿದೆ. ಈ ಬೇನೆಯನ್ನು 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯರು ‘ಶೆಲ್ ಶಾಕ್’ ಎಂದು ಕರೆದು ಬರೆದಿದ್ದರು; ಇಂದಿನ ಹೆಸರು 1980ರದು. ಕಳೆದುಹೋದ ಘಟನೆಯು ರೋಗಿಯ ಪಾಲಿಗೆ ಕಳೆದಿರುವುದಿಲ್ಲ. ಒಂದು ಸದ್ದು ಸಾಕು, ದೇಹವು ಮತ್ತೆ ರಣರಂಗದಲ್ಲಿರುತ್ತದೆ. ಹ್ಯಾರಿ ಫಾರ್ ಎಂಬ ಬ್ರಿಟಿಷ್ ಸೈನಿಕ ಇದಕ್ಕಾಗಿ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದವನು. ಆದರೂ 1916ರಲ್ಲಿ ಹೇಡಿಯೆಂದು ಅವನಿಗೆ ಗುಂಡಿಕ್ಕಿದರು. ಕ್ಷಮಾದಾನ ದೊರೆತದ್ದು 2006ರಲ್ಲಿ, ಅಂಥ 306 ಮಂದಿಯಲ್ಲಿ ಒಬ್ಬನಾಗಿ.

ವಿರೋಧೀ ಹಿಂಸೆಯನ್ನು ನಮ್ಮ ಶಾಸ್ತ್ರವು ಗೃಹಸ್ಥನಿಗೆ ಸಂಪೂರ್ಣವಾಗಿ ನಿಷೇಧಿಸಿಲ್ಲ. ಗಡಿಯಲ್ಲಿ ಅದರ ಭಾರವನ್ನು ನಮ್ಮ ಪರವಾಗಿ ಹೊತ್ತವನು ಅವನು. ಅಹಿಂಸೆಯ ನೆಮ್ಮದಿ ನಮಗೆ. ಮಾಯಾ, ಮಿಥ್ಯಾ, ನಿದಾನಗಳೆಂಬ ಮೂರು ಶಲ್ಯಗಳಲ್ಲಿ ಈ ಬೇನೆಯು ಸೇರದು, ನಿಜ. ಆದರೆ ವರ್ಷವಿಡೀ ನಿಂತ ಬಾಹುಬಲಿಯ ಮನದ ಮುಳ್ಳೂ ಭರತನು ತಾನೇ ಬಂದು ಬಾಗಿದ ಮೇಲೆ ಕರಗಿತಲ್ಲವೇ?

ಕಳೆದ ದೀಪಾವಳಿಯ ಸಂಜೆ ಅವರ ಮನೆಗೆ ಹೋದೆ. ಕಿಟಕಿಗಳನ್ನು ಮುಚ್ಚಿದ್ದರು. ಚಿಕಿತ್ಸೆ ನಡೆದಿದೆಯೆಂದು ಮಗ ಹೇಳಿದ. ಕ್ಷಮೆ ಕೇಳಿ ಪಕ್ಕದಲ್ಲಿ ಕುಳಿತೆ. ಬಹಳ ಹೊತ್ತಿನ ಮೇಲೆ ಅವರು ಒಬ್ಬ ಗೆಳೆಯನ ಹೆಸರು ಹೇಳಿದರು.