ಜಂತರ್ ಮಂತರಿನಲ್ಲಿ ಒಂದು ಉತ್ತರಾಯಣ

ದಿಲ್ಲಿಗೆ ಬರುವ ನಮ್ಮ ಕನ್ನಡ ಬಂಧುಗಳು ಕೆಂಪು ಕೋಟೆ, ಕುತುಬ್ ಮಿನಾರುಗಳನ್ನು ನೋಡದೆ ಹಿಂದಿರುಗುವುದಿಲ್ಲ. ಸಂಸತ್ ಮಾರ್ಗದ ಮಗ್ಗುಲಲ್ಲಿರುವ ಜಂತರ್ ಮಂತರನ್ನು ಮಾತ್ರ ಬಸ್ಸಿನ ಕಿಟಕಿಯಿಂದಲೇ ನೋಡಿ, ‘ಮೆಟ್ಟಿಲಿದ್ದೂ ಮಹಡಿಯಿಲ್ಲದ ಕಟ್ಟಡವಿದೇನು!’ ಎಂದು ನಕ್ಕು ಮುಂದೆ ಸಾಗುವವರೇ ಹೆಚ್ಚು. ಆ ಸ್ಥಳವನ್ನು ನೋಡತಕ್ಕ ದಿನವೊಂದಿದೆ. ಅದು ಡಿಸೆಂಬರ್ 21 ಅಥವಾ 22, ವರ್ಷದ ಅತ್ಯಂತ ಕಿರಿದಾದ ಹಗಲು. ನಾವು 2020ರಲ್ಲಿ ಸೋಮವಾರವಾಗಿದ್ದ ಡಿಸೆಂಬರ್ 21ರಂದು, ಕಚೇರಿಗೆ ಅರ್ಧ ದಿನದ ರಜೆ ಹಾಕಿ, ಮಕ್ಕಳೊಡನೆ ಅಲ್ಲಿಗೆ ಹೋದೆವು. ಅಂದು ಸಂಜೆಯೇ ಗುರು ಶನಿಗಳ ಸಮಾಗಮವೂ ಇದ್ದಿತು.

ಅದು ಕೊರೋನಾ ಹಾವಳಿಯ ವರ್ಷ. ಮಾರ್ಚ್ ತಿಂಗಳಿಂದ ನಮಗೆ ಊರಿಗೆ ಹೋಗಲಾಗಿರಲಿಲ್ಲ. ಧಾರವಾಡದ ಮನೆಯಲ್ಲಿ ತಾಯಿಯವರು ಒಬ್ಬರೇ. ಮಕರದಲ್ಲಿ ಗುರು ನೀಚನು, ಶನಿಗೆ ಅದು ಸ್ವಂತ ಮನೆ, ಇಬ್ಬರೂ ಅಲ್ಲಿ ಕೂಡಿದರೆ ಕೇಡು ತಪ್ಪದು ಎಂದು ಯಾರೋ ಅವರ ಕಿವಿಯಲ್ಲಿ ಊದಿದ್ದರು. “ನಿಮ್ಮ ಮಾರಿ ಇನ್ನ ನೋಡತೀನೋ ಇಲ್ಲೋ” ಎಂದು ಅವರು ಫೋನಿನಲ್ಲಿ ಅಂದ ದಿನ ನಮಗೆ ಊಟ ಸೇರಲಿಲ್ಲ. ಅವರಿಗೆ ಏನಾದರೂ ಸಮಾಧಾನದ ಮಾತು ಹೇಳಬೇಕಾಗಿತ್ತು. ಅದು ಬರಿಯ ಬಾಯುಪಚಾರದ ಮಾತಾಗಬಾರದಾಗಿತ್ತು.

ಆಮೇರಿನ ಅರಸ ಸವಾಯಿ ಜಯಸಿಂಹನು ಈ ವೇಧಶಾಲೆಯನ್ನು 1724ರ ಸುಮಾರಿಗೆ ಕಟ್ಟಿಸಿದನು. ಇದರ ಸಮ್ರಾಟ್ ಯಂತ್ರವೆಂದರೆ ಸುಮಾರು 70 ಅಡಿ ಎತ್ತರದ ನೆರಳು ಗಡಿಯಾರ. ಅದರ ಇಳಿಜಾರು ದಿಲ್ಲಿಯ ಅಕ್ಷಾಂಶಕ್ಕೆ ಸರಿಯಾಗಿ ಸುಮಾರು 28½ ಅಂಶದಷ್ಟಿದ್ದು, ನೇರವಾಗಿ ಧ್ರುವನ ಕಡೆಗೆ ಮುಖ ಮಾಡಿದೆ. ಮಧ್ಯಾಹ್ನವಾದರೂ ಸೂರ್ಯನು ದಕ್ಷಿಣದಲ್ಲಿ 38 ಅಂಶದ ಮೇಲೆ ಏರಲಿಲ್ಲ. ಮಕ್ಕಳು ತಮ್ಮ ನೆರಳು ತಮಗಿಂತ ಉದ್ದವಾದುದನ್ನು ಕಂಡು ಕುಣಿದಾಡಿದರು. ನಮ್ಮ ಬೆಂಗಳೂರಿನಲ್ಲಿ ಅದೇ ಹೊತ್ತಿಗೆ ನೆರಳು ಆಳಿನ ಮುಕ್ಕಾಲು ಪಾಲಿಗಿಂತ ಹೆಚ್ಚಿರದು. ಹಗಲೂ ಹಾಗೆಯೇ: ಅಲ್ಲಿ 11 ಗಂಟೆ 20 ನಿಮಿಷದಷ್ಟಿದ್ದರೆ ದಿಲ್ಲಿಯಲ್ಲಿ ಒಂದು ಗಂಟೆ ಕಡಿಮೆ. ಬಡಗಣ ನಾಡಿನಲ್ಲಿ ಸೂರ್ಯನು ಹಿಂದಿರುಗುವುದನ್ನು ಜನ ಏಕೆ ಇಷ್ಟು ಆಸೆಯಿಂದ ಕಾದರೆಂಬುದು ಆ ಚಳಿಯಲ್ಲಿ ನಿಂತಾಗ ತಿಳಿಯುತ್ತದೆ.

“ಉತ್ತರಾಯಣ ಸಂಕ್ರಾಂತಿಗಲ್ಲವೇ?” ಎಂದು ಹಿರಿಯ ಮಗಳು ಕೇಳಿದಳು. ಸುಮಾರು 1700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಬರುತ್ತಿದ್ದವು. ಭೂಮಿಯ ಅಕ್ಷವು ಬುಗುರಿಯಂತೆ ಮೆಲ್ಲಗೆ ತೂಗಾಡುತ್ತ 26,000 ವರ್ಷಗಳಿಗೊಮ್ಮೆ ಒಂದು ಸುತ್ತು ಬರುವುದರಿಂದ, 72 ವರ್ಷಕ್ಕೆ ಒಂದು ದಿನದಂತೆ ಎರಡಕ್ಕೂ ಅಂತರ ಬಿದ್ದು, ಈಗ ಅದು 24 ದಿನಗಳಷ್ಟಾಗಿದೆ. ವೇದಾಂಗ ಜ್ಯೋತಿಷದವರು ಸೂರ್ಯನು ಧನಿಷ್ಠೆಯಲ್ಲಿದ್ದಾಗ ಉತ್ತರಕ್ಕೆ ತಿರುಗುವುದನ್ನು ಕಂಡಿದ್ದರು; ಈಗ ಅವನು ಮೂಲಾ ನಕ್ಷತ್ರದಲ್ಲಿರುವಾಗ ತಿರುಗುತ್ತಾನೆ. ಹಬ್ಬ ನಕ್ಷತ್ರದ ಲೆಕ್ಕ, ಹಗಲು ಬಿಸಿಲಿನ ಲೆಕ್ಕ, ಎರಡೂ ಸಟೆಯಲ್ಲ.

ಸಂಜೆ ಆರೂವರೆಗೆ ಕ್ವಾರ್ಟರ್ಸಿನ ಮಾಳಿಗೆಯೇರಿದೆವು. ನೈರುತ್ಯದಲ್ಲಿ ಹೊಗೆಮಂಜಿನ ಮೇಲೆ ಗುರುವು ಬೆಳಗುತ್ತಿದ್ದನು. ಅವನಿಗೆ ಅಂಟಿದಂತೆ ಮಂಕಾಗಿ ಶನಿ. ನಡುವಿನ ಅಂತರ ಅಂಶದ ಹತ್ತನೆಯ ಒಂದು ಪಾಲು, ಅಂದರೆ ಚಂದ್ರಬಿಂಬದ ಐದನೆಯ ಒಂದು ಪಾಲಿನಷ್ಟು. ಇಬ್ಬರೂ ಸುಮಾರು 20 ವರ್ಷಕ್ಕೊಮ್ಮೆ ಕೂಡುತ್ತಾರೆ. ಇಷ್ಟು ಹತ್ತಿರ ಕಂಡುದು 1623ರ ಅನಂತರ ಆಗಲೇ. ಆದರೆ ಗುರುವು ನಮ್ಮಿಂದ 88 ಕೋಟಿ ಕಿಲೋಮೀಟರ್ ದೂರದಲ್ಲಿದ್ದರೆ, ಶನಿಯು ಅವನಿಂದಾಚೆಗೆ ಇನ್ನೂ 73 ಕೋಟಿ! ನಾವು ನಿಂತ ನೆಲದಿಂದ ಇಬ್ಬರೂ ಒಂದೇ ನೋಟದ ಗೆರೆಯಲ್ಲಿದ್ದರು, ಅಷ್ಟೆ.

ಅಲ್ಲಿಂದಲೇ ಫೋನು ಮಾಡಿ ತಾಯಿಯವರನ್ನು ಅಂಗಳಕ್ಕೆ ಕರೆದೆವು. ಅವರಿಗೂ ಕಂಡಿತು. ದೂರದ ಲೆಕ್ಕ ಹೇಳಿದೆವು. 1962ರ ಫೆಬ್ರವರಿಯಲ್ಲಿ ಇದೇ ಮಕರದಲ್ಲಿ ಅಷ್ಟಗ್ರಹಕೂಟವಾದಾಗ ಪ್ರಳಯವಾಗುವುದೆಂದು ದೇಶವೆಲ್ಲ ಹೆದರಿ ಹೋಮಗಳನ್ನು ಮಾಡಿಸಿದ್ದು, ಮರುದಿನ ಸೂರ್ಯನು ಎಂದಿನಂತೆ ಮೂಡಿದ್ದು, ಇವನ್ನೂ ನೆನಪಿಗೆ ತಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಷ್ಟ ದೂರ ಇದ್ದವರು ಕೂಡಿ ನಮಗೇನು ಮಾಡ್ಯಾರು? ನೋಡಲಿಕ್ಕೆ ಭಾಳ ಚಂದ ಅದಾರ” ಎಂದರು. ಆಮೇಲೆ, ಶರಶಯ್ಯೆಯ ಮೇಲೆ ಭೀಷ್ಮ ಉತ್ತರಾಯಣಕ್ಕಾಗಿ ಕಾದ ಕಥೆಯನ್ನು ಮಕ್ಕಳಿಗೆ ತಾವಾಗಿಯೇ ಹೇಳತೊಡಗಿದರು.

ಗ್ರಹಗಳು ಫಲ ಕೊಡುತ್ತವೆಯೋ ಇಲ್ಲವೋ ಎಂಬ ವಾದ ಬಲ್ಲವರಿಗಿರಲಿ. ಕತ್ತಲೆಯು ಇನ್ನು ಬೆಳೆಯದು, ನಾಳೆಯ ಹಗಲು ಕೂದಲೆಳೆಯಷ್ಟಾದರೂ ಹಿರಿದು ಎಂಬ ಭರವಸೆಯನ್ನು ಹಿರಿಯರು ಪುಣ್ಯಕಾಲವೆಂದು ಕರೆದರು. ಆ ವರ್ಷ ನಮಗೆ ಬೇಕಾಗಿದ್ದುದೂ ಅದೇ. 2021ರ ಸಂಕ್ರಾಂತಿಗೆ ಹೇಗೋ ಧಾರವಾಡ ಸೇರಿ, ತಾಯಿಯವರ ಕೈಯಿಂದಲೇ ಕುಸುರೆಳ್ಳು ಈಸಿಕೊಂಡೆವು.

ಗುರು ಶನಿಗಳು ಮತ್ತೆ ಕೂಡುವುದು 2040ರಲ್ಲಿ. ಜಂತರ್ ಮಂತರನ್ನು ನೋಡಲು ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಡಿಸೆಂಬರಿನಲ್ಲಿ ದಿಲ್ಲಿಗೆ ಬಂದವರು ಬೆಚ್ಚಗೆ ಉಟ್ಟುಕೊಂಡು, ಮಕ್ಕಳನ್ನೂ ಕರೆದುಕೊಂಡು, ಮಧ್ಯಾಹ್ನದ ಹೊತ್ತಿಗೆ ಅಲ್ಲಿಗೆ ಹೋಗಿ ತಮ್ಮ ನೆರಳನ್ನು ಒಮ್ಮೆ ಅಳೆದು ನೋಡಲಿ.