ಧನುಷ್ಕೋಟಿ: ಹಳಿ ಕಳೆದುಕೊಂಡ ನಿಲ್ದಾಣ

ರಾಮೇಶ್ವರಕ್ಕೆ ಹೋದ ಯಾತ್ರಿಕರು ಧನುಷ್ಕೋಟಿಗೂ ಹೋಗಿಬರುವುದು ವಾಡಿಕೆ. ಅಲ್ಲಿ ಮರಳಿನ ನಡುವೆ ಛಾವಣಿಯಿಲ್ಲದ ಒಂದು ಚರ್ಚು, ಮುರಿದ ಕೆಲವು ಗೋಡೆಗಳು ಕಾಣುತ್ತವೆ. ಅವುಗಳಲ್ಲೊಂದನ್ನು ತೋರಿಸಿ ರೈಲ್ವೆ ಸ್ಟೇಷನ್ ಎಂದರೆ ಹೊಸಬರಿಗೆ ನಂಬಿಕೆ ಬರುವುದಿಲ್ಲ. ಸುತ್ತ ಎಲ್ಲಿಯೂ ಹಳಿಯ ಸುಳಿವಿಲ್ಲ.

1914ಕ್ಕೆ ಮೊದಲು ಸಿಲೋನಿಗೆ ಹೋಗುವವರು ತೂತ್ತುಕುಡಿಯವರೆಗೆ ರೈಲಿನಲ್ಲಿ ಬಂದು ಕೊಲಂಬೊ ಹಡಗು ಹತ್ತುತ್ತಿದ್ದರು. ಆ ವರ್ಷ ಫೆಬ್ರುವರಿಯಲ್ಲಿ ಪಾಂಬನ್ ಸೇತುವೆ ತೆರೆದು ರೈಲು ಸಮುದ್ರ ದಾಟಿತು. ದ್ವೀಪದ ತುದಿಯ ಧನುಷ್ಕೋಟಿಯಿಂದ ಆಚೆ ದಡದ ತಲೈಮನ್ನಾರ್ ಸುಮಾರು 35 ಕಿ.ಮೀ. ಮಾತ್ರ. ಮದರಾಸಿನ ಎಗ್ಮೋರಿನಲ್ಲಿ ಒಂದೇ ಟಿಕೆಟ್ ಕೊಂಡರೆ ರೈಲು, ಸ್ಟೀಮರ್, ಮತ್ತೆ ರೈಲು ಹೀಗೆ ಕೊಲಂಬೊ ತಲುಪಬಹುದಿತ್ತು. ಬೋಟ್ ಮೇಲ್ ಎಂಬ ಹೆಸರು ಬಂದದ್ದು ಹೀಗೆ. ವಿಚಿತ್ರವೆಂದರೆ, ಆಗ ಪ್ರಧಾನ ಮಾರ್ಗ ಧನುಷ್ಕೋಟಿಯದು. ಪುಣ್ಯಕ್ಷೇತ್ರ ರಾಮೇಶ್ವರಕ್ಕೆ ಪಾಂಬನ್‌ನಿಂದ ಒಂದು ಕವಲು ಹಳಿ ಅಷ್ಟೆ! ಸೇತುವಿನ ಮರಳನ್ನು ಗಂಗೆಗೆ ಒಯ್ಯುವ ಕನ್ನಡ ನಾಡಿನ ಕಾಶಿಯಾತ್ರಿಗಳಿಗೂ ಇದು ಅನುಕೂಲದ ನಿಲ್ದಾಣವಾಗಿತ್ತು.

1964ರ ಡಿಸೆಂಬರ್ 22ರ ರಾತ್ರಿ ಪಾಂಬನ್‌ನಿಂದ 653ನೇ ನಂಬರಿನ ಪ್ಯಾಸೆಂಜರ್ ಎಂದಿನಂತೆ ಹೊರಟಿತು. ಒಳಗೆ ನೂರಕ್ಕೂ ಹೆಚ್ಚು ಜನ. ಊರು ಸಮೀಪಿಸಿದಾಗ ಸಿಗ್ನಲ್ ಸಿಗಲಿಲ್ಲವೆಂದೂ, ಚಾಲಕ ಸ್ವಲ್ಪ ಹೊತ್ತು ಕಾದು ಸೀಟಿ ಹಾಕಿ ಮುಂದುವರಿದನೆಂದೂ ಹೇಳುತ್ತಾರೆ. ಮುಂದೇನಾಯಿತೆಂದು ಹೇಳಲು ಅದರಲ್ಲಿ ಯಾರೂ ಉಳಿಯಲಿಲ್ಲ. ಸಮುದ್ರ ಇಡೀ ಗಾಡಿಯನ್ನು ನುಂಗಿತ್ತು.

ಚಂಡಮಾರುತದಲ್ಲಿ ಗಾಳಿಗಿಂತ ನೀರೇ ಹೆಚ್ಚು ಕೊಲ್ಲುತ್ತದೆ. ವಾಯುಭಾರ ಒಂದು ಮಿಲಿಬಾರ್ ಇಳಿದರೆ ಸಮುದ್ರದ ಮಟ್ಟ ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ. ಇದು ದೊಡ್ಡದಲ್ಲ. ಆದರೆ ಬಿರುಗಾಳಿ ನೀರನ್ನು ಆಳವಿಲ್ಲದ ಕಡಲಿಗೆ ತಳ್ಳಿದಾಗ ಅದು ಕೆಳಗೆ ಹಿಂದಿರುಗಲು ದಾರಿಯಿಲ್ಲದೆ ಮೇಲೇರುತ್ತದೆ. ಎರಡೂ ಬದಿ ಸಮುದ್ರವಿರುವ ಈ ಕಿರಿದಾದ ಮರಳಪಟ್ಟಿಯಲ್ಲಿ ಓಡಲು ಎತ್ತರದ ನೆಲವೆಲ್ಲಿದೆ? ತಂತಿ ಸಂಪರ್ಕ ಕಡಿದಿದ್ದ ಆ ರಾತ್ರಿ, ಗಾಡಿ ಬಿಡಬೇಡಿರೆಂದು ಪಾಂಬನ್‌ಗೆ ಒಂದು ಮಾತು ಮುಟ್ಟಿದ್ದರೆ ಸಾಕಿತ್ತು.

ಪಾಂಬನ್ ಸೇತುವೆಯೂ ಮುರಿಯಿತು. ಹಡಗಿಗೆ ದಾರಿ ಬಿಡಲು ಎತ್ತುವ ನಡುವಿನ ಅಂಕಣ ಉಳಿದುಕೊಂಡಿತು. ಅದನ್ನು 46 ದಿನಗಳಲ್ಲಿ ದುರಸ್ತಿ ಮಾಡಿಸಿದ ತರುಣ ಎಂಜಿನಿಯರ್ ಇ. ಶ್ರೀಧರನ್. ಮುಂದೆ ಕಾರವಾರ, ಉಡುಪಿಯ ಜನರ ಊರಿಗೆ ಕೊಂಕಣ ರೈಲು ತಂದವರೂ ಅವರೇ. ರಾಮೇಶ್ವರದ ಹಳಿ ಹೀಗೆ ಮತ್ತೆ ಜೀವ ಪಡೆಯಿತು. ಧನುಷ್ಕೋಟಿ ವಾಸಕ್ಕೆ ಯೋಗ್ಯವಲ್ಲವೆಂದು ಸರ್ಕಾರ ಸಾರಿತು. ಅದರ ಹಳಿಯನ್ನು ಯಾರೂ ಪುನಃ ಹಾಕಲಿಲ್ಲ. ಸ್ಟೀಮರ್ ಕೆಲವು ಕಾಲ ರಾಮೇಶ್ವರದಿಂದಲೇ ಹೋಗಿಬಂದು, 1980ರ ದಶಕದಲ್ಲಿ ಲಂಕೆಯ ಗಲಭೆಯಿಂದಾಗಿ ನಿಂತಿತು.

2017ರಿಂದ ತುದಿಯವರೆಗೂ ಒಳ್ಳೆಯ ರಸ್ತೆಯಿದೆ. 2019ರಲ್ಲಿ ರೈಲು ಮಾರ್ಗಕ್ಕೂ ಶಂಕುಸ್ಥಾಪನೆಯಾಯಿತು. 2025ರ ಏಪ್ರಿಲ್‌ನಲ್ಲಿ ಹೊಸ ಪಾಂಬನ್ ಸೇತುವೆ ಉದ್ಘಾಟನೆಯಾದಾಗಲೂ ಧನುಷ್ಕೋಟಿಗೆ ಹಳಿ ಬಂದಿರಲಿಲ್ಲ. ಆಚೆ ದಡದಲ್ಲಿ ಮಾತ್ರ, ಯುದ್ಧದಿಂದ ಹಾಳಾಗಿದ್ದ ತಲೈಮನ್ನಾರ್ ಮಾರ್ಗವನ್ನು ಭಾರತದ ಇರ್ಕಾನ್ ಸಂಸ್ಥೆಯೇ ಮತ್ತೆ ಕಟ್ಟಿಕೊಟ್ಟಿತು. 2015ರಲ್ಲಿ ಅಲ್ಲಿಗೆ ರೈಲು ಪುನಃ ಬಂತು.